ರಾಮದೇವರಬೆಟ್ಟದ ರಣಹದ್ದುಗಳು: ಮೂತ್ರಪಿಂಡದ ನೆಲೆಯಿಂದ ಒಂದು ಚಾರಿತ್ರಿಕ ವಿವೇಚನೆ

ಪ್ರಾದೇಶಿಕ ಚರಿತ್ರೆಯ ರಚನೆಯಲ್ಲಿ ಶಾಸನ, ಕೋಟೆ, ದೇವಾಲಯ, ಅರಸುಮನೆತನಗಳನ್ನು ಆಕರಗಳಾಗಿ ಬಳಸುವುದು ವಾಡಿಕೆ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಚರಿತ್ರೆಯೂ ಬಹುಮಟ್ಟಿಗೆ ಮಾಗಡಿ ಕೆಂಪೇಗೌಡರ ವಂಶ, ಸಾವನದುರ್ಗ, ಚನ್ನಪಟ್ಟಣದ ಬೊಂಬೆ, ರಾಮನಗರದ ರೇಷ್ಮೆ ಇವುಗಳ ಸುತ್ತಲೇ ರೂಪುಗೊಂಡಿದೆ. ಇದೇ ಸೀಮೆಯ ಬಂಡೆಗಳ ಮೇಲೆ ನೆಲೆಸಿದ್ದ ಒಂದು ಪಕ್ಷಿಸಂಕುಲ ಕ್ಷೀಣಿಸಿದ ಸಂಗತಿಯೂ ಚರಿತ್ರೆಯ ಭಾಗವೇ ಆಗಿದೆ. ಅದರ ಕಾರಣವನ್ನು ಹುಡುಕಿದವರು ಕೊನೆಗೆ ತಲುಪಿದ್ದು ಹಕ್ಕಿಯ ಮೂತ್ರಪಿಂಡವನ್ನು. ಆ ಅಂಗದ ರಚನೆ ಮತ್ತು ಕಾರ್ಯವನ್ನು ಅರಿಯದೆ ರಾಮದೇವರಬೆಟ್ಟದ ಈಚಿನ ಚರಿತ್ರೆ ಪೂರ್ಣವಾಗಿ ಅರ್ಥವಾಗದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಪ್ರಯತ್ನಿಸಲಾಗಿದೆ.

ಬೆಟ್ಟ ಮತ್ತು ಹಕ್ಕಿ

ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ಸ್ವಾತಂತ್ರ್ಯಾನಂತರ ರಾಮನಗರವಾಯಿತು. 2007ರ ಆಗಸ್ಟ್‌ನಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಹಳೆಯ ಹೆಸರು ಮಾತ್ರ ಭೂವಿಜ್ಞಾನದಲ್ಲಿ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಇಲ್ಲಿನ ಬಂಡೆಯನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯಲಾಗುತ್ತದೆ.

ಈ ಗ್ರಾನೈಟಿನ ಕಡಿದಾದ ಗೋಡೆಗಳಲ್ಲಿರುವ ಚಾಚು ಮತ್ತು ಬಿರುಕುಗಳು ಉದ್ದಕೊಕ್ಕಿನ ರಣಹದ್ದಿಗೆ ಗೂಡಿನ ನೆಲೆಗಳಾಗಿವೆ. ಬಿಳಿಬೆನ್ನಿನ ರಣಹದ್ದು ಮರವನ್ನು ಆಶ್ರಯಿಸಿದರೆ ಇದು ಬಂಡೆಯನ್ನು ಆಶ್ರಯಿಸುತ್ತದೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಸಂತಾನ ಪಡೆಯುವುದಕ್ಕೆ ಹಲವು ವರ್ಷಗಳು ಬೇಕು. ಇಷ್ಟು ನಿಧಾನವಾಗಿ ವೃದ್ಧಿಯಾಗುವ ಸಂಕುಲದಲ್ಲಿ ವಯಸ್ಕ ಹಕ್ಕಿಗಳ ಸಾವು ಸ್ವಲ್ಪ ಏರಿದರೂ ಆ ನಷ್ಟ ತುಂಬಿಬರುವುದಿಲ್ಲ.

ಬೆಟ್ಟದಲ್ಲಿ ಗೂಡನ್ನು ದೂರದಿಂದ ಗುರುತಿಸುವವರಿಗೆ ಮೊದಲು ಕಾಣುವುದು ಹಕ್ಕಿಯಲ್ಲ, ಬಂಡೆಯ ಮೇಲೆ ಇಳಿದಿರುವ ಬಿಳಿಯ ಪಟ್ಟೆ. ಸಾಮಾನ್ಯವಾಗಿ ಹಿಕ್ಕೆ ಎಂದು ಕರೆಯುವ ಈ ಬಿಳುಪಿನ ಬಹುಭಾಗ ವಾಸ್ತವವಾಗಿ ಹಕ್ಕಿಯ ಮೂತ್ರ. ಅದು ಮೂತ್ರಪಿಂಡವು ಹೊರಹಾಕಿದ ಯೂರಿಕ್ ಆಮ್ಲ ಮತ್ತು ಅದರ ಲವಣಗಳು. ಗೂಡಿಗೆ ಗುರುತಾಗುವ ಈ ವಸ್ತುವೇ ದೇಹದೊಳಗೆ ಉಳಿದರೆ ಮರಣಕ್ಕೆ ಕಾರಣವಾಗುತ್ತದೆ.

ಮೂತ್ರಾಂಗಗಳ ರಚನೆ ಮತ್ತು ಕಾರ್ಯ

ಮನುಷ್ಯನ ಪ್ರತಿಯೊಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನುಗಳಿವೆ. ಎರಡೂ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದುದನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಸಾರಜನಕದ ತ್ಯಾಜ್ಯವು ಮುಖ್ಯವಾಗಿ ಯೂರಿಯಾ ರೂಪದಲ್ಲಿ ನೀರಿನಲ್ಲಿ ಕರಗಿ, ಮೂತ್ರನಾಳದ ಮೂಲಕ ಮೂತ್ರಕೋಶವನ್ನು ಸೇರುತ್ತದೆ.

ಹಕ್ಕಿಯ ವ್ಯವಸ್ಥೆ ಭಿನ್ನವಾದುದು. ಅದರ ಮೂತ್ರಪಿಂಡವು ಮೂರು ಹಾಲೆಗಳಾಗಿ ಸೊಂಟದ ಮೂಳೆಯ ಕುಳಿಗಳಲ್ಲಿ ಹುದುಗಿರುತ್ತದೆ. ನೆಫ್ರಾನುಗಳಲ್ಲಿ ಎರಡು ಬಗೆ. ಬಹುಪಾಲು ನೆಫ್ರಾನುಗಳು ಸರೀಸೃಪಗಳಲ್ಲಿರುವಂತೆ ಹೆನ್ಲೆಯ ಕುಣಿಕೆ ಇಲ್ಲದವು. ಉಳಿದವು ಸಸ್ತನಿಗಳಲ್ಲಿರುವಂತೆ ಕುಣಿಕೆ ಉಳ್ಳವು. ಅಪಧಮನಿಯ ರಕ್ತವಲ್ಲದೆ ದೇಹದ ಹಿಂಭಾಗದಿಂದ ಬರುವ ಅಭಿಧಮನಿಯ ರಕ್ತವೂ ಕವಾಟವೊಂದರ ನಿಯಂತ್ರಣದಲ್ಲಿ ಮೂತ್ರಪಿಂಡವನ್ನು ಪ್ರವೇಶಿಸುತ್ತದೆ. ಮೂತ್ರಕೋಶ ಇಲ್ಲ. ಮೂತ್ರನಾಳಗಳು ಮಲಮೂತ್ರಗಳೆರಡೂ ಬಂದು ಸೇರುವ ಕ್ಲೊಯೆಕದಲ್ಲಿ ತೆರೆದುಕೊಳ್ಳುತ್ತವೆ. ಸಾರಜನಕದ ತ್ಯಾಜ್ಯವು ಯಕೃತ್ತಿನಲ್ಲಿ ಯೂರಿಕ್ ಆಮ್ಲವಾಗಿ ರೂಪುಗೊಳ್ಳುತ್ತದೆ. ಸೋಸುವಿಕೆಯಿಂದ ಹೊರಬೀಳುವುದು ಅದರ ಅಲ್ಪಾಂಶ ಮಾತ್ರ. ಹೆಚ್ಚಿನ ಪಾಲನ್ನು ನಾಳಿಕೆಗಳ ಜೀವಕೋಶಗಳು ರಕ್ತದಿಂದ ಸೆಳೆದು ಹೊರದೂಡುತ್ತವೆ. ಯೂರಿಕ್ ಆಮ್ಲವು ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಹಕ್ಕಿಗೆ ನೀರಿನ ಉಳಿತಾಯವಾಗುತ್ತದೆ. ಆದರೆ ನಾಳಿಕೆಗಳ ಈ ಜೀವಕೋಶಗಳು ನಾಶವಾದರೆ, ಕರಗದ ಆ ವಸ್ತು ರಕ್ತದಲ್ಲಿ ಶೇಖರವಾಗಿ ಹೃದಯ, ಯಕೃತ್ತು ಮುಂತಾದ ಅಂಗಗಳ ಮೇಲೆ ಸುಣ್ಣ ಬಳಿದಂತೆ ಹರಳುಗಟ್ಟುತ್ತದೆ. ಇದನ್ನು ಒಳಾಂಗಗಳ ಗೌಟ್ ಎನ್ನುತ್ತಾರೆ.

ಕಾರಣದ ಶೋಧ

ರಾಜಸ್ಥಾನದ ಭರತಪುರದಲ್ಲಿ ರಣಹದ್ದುಗಳು ಕುಸಿಯುತ್ತಿರುವುದನ್ನು ವಿಭು ಪ್ರಕಾಶ್ 1999ರಲ್ಲಿ ಪ್ರಕಟಿಸಿದರು. 2000ದಲ್ಲಿ ಈ ಪ್ರಭೇದಗಳನ್ನು ಅತ್ಯಂತ ಅಪಾಯಕ್ಕೊಳಗಾದವುಗಳ ಪಟ್ಟಿಗೆ ಸೇರಿಸಲಾಯಿತು. ದೇಶದಾದ್ಯಂತ ನಡೆದ ಗಣತಿಗಳ ಪ್ರಕಾರ 1992ರಿಂದ 2007ರ ಅವಧಿಯಲ್ಲಿ ಬಿಳಿಬೆನ್ನಿನ ರಣಹದ್ದು ಶೇ. 99.9ರಷ್ಟು, ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಒಟ್ಟಾಗಿ ಸುಮಾರು ಶೇ. 97ರಷ್ಟು ಕ್ಷೀಣಿಸಿದ್ದವು. ಆರಂಭದಲ್ಲಿ ಸಾಂಕ್ರಾಮಿಕ ರೋಗದ ಶಂಕೆ ಬಲವಾಗಿತ್ತು.

ಶೋಧದ ದಿಕ್ಕನ್ನು ಬದಲಿಸಿದ್ದು ಮರಣೋತ್ತರ ಪರೀಕ್ಷೆ. ಪಾಕಿಸ್ತಾನದಲ್ಲಿ ಅಧ್ಯಯನ ನಡೆಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವರದಿಯಂತೆ, ಒಳಾಂಗಗಳ ಗೌಟ್‌ನಿಂದ ಸತ್ತ 25 ಹಕ್ಕಿಗಳ ಪೈಕಿ 25ರ ಮೂತ್ರಪಿಂಡದಲ್ಲಿಯೂ ಡೈಕ್ಲೊಫಿನಾಕ್ ಶೇಷ ದೊರೆಯಿತು. ಅನ್ಯ ಕಾರಣಗಳಿಂದ ಸತ್ತ 13ರಲ್ಲಿ ಒಂದರಲ್ಲಿಯೂ ದೊರೆಯಲಿಲ್ಲ. ಅದೇ ವರ್ಷ ಭಾರತ ಮತ್ತು ನೇಪಾಳದ ಹಕ್ಕಿಗಳಲ್ಲಿಯೂ ಇದೇ ಸಂಬಂಧ ಕಂಡುಬಂದಿತು. ಈ ನೋವುನಿವಾರಕವನ್ನು ದನಗಳ ಬಾವು, ಜ್ವರ, ಕುಂಟುವಿಕೆಗಳಿಗೆ ಚುಚ್ಚುವುದು 1990ರ ದಶಕದಲ್ಲಿ ರೂಢಿಗೆ ಬಂದಿತ್ತು. ಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ದನ ಸತ್ತರೆ ಔಷಧವು ಮಾಂಸದಲ್ಲಿ ಉಳಿದಿರುತ್ತಿತ್ತು.

ಬಿಳಿಬೆನ್ನಿನ ರಣಹದ್ದುಗಳ ಪೈಕಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವು ದೇಹತೂಕದ ಕಿಲೋಗ್ರಾಮಿಗೆ 0.1ರಿಂದ 0.2 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಐದು ಕಿಲೋಗ್ರಾಂ ತೂಕದ ಹಕ್ಕಿಗೆ ಇದು ಅರ್ಧದಿಂದ ಒಂದು ಮಿಲಿಗ್ರಾಂ ಮಾತ್ರ. ಮನುಷ್ಯರು ಸೇವಿಸುವ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ 50 ಮಿಲಿಗ್ರಾಂ ಇರುತ್ತದೆ. ಔಷಧವು ನಾಳಿಕೆಗಳ ಜೀವಕೋಶಗಳನ್ನು ನೇರವಾಗಿ ಕೊಲ್ಲುತ್ತದೆ ಎಂಬುದು ಒಂದು ವಿವರಣೆ. ಅಭಿಧಮನಿಯ ಕವಾಟದ ನಿಯಂತ್ರಣ ತಪ್ಪಿ ರಕ್ತಪೂರೈಕೆ ಕುಂಠಿತವಾಗುತ್ತದೆ ಎಂಬುದು ಇನ್ನೊಂದು. ಅಮೆರಿಕ ಖಂಡದ ಟರ್ಕಿ ರಣಹದ್ದು ಇದಕ್ಕಿಂತ ನೂರುಪಟ್ಟು ಮೀರಿದ ಪ್ರಮಾಣವನ್ನೂ ತಾಳಿಕೊಳ್ಳುತ್ತದೆ. ಕೊಳೆತ ಮಾಂಸದ ರೋಗಾಣುಗಳನ್ನು ಜಠರದ ಪ್ರಬಲ ಆಮ್ಲದಿಂದ ಎದುರಿಸಬಲ್ಲ ನಮ್ಮ ರಣಹದ್ದು ಒಂದು ನೋವುನಿವಾರಕದ ಮುಂದೆ ಸೋತಿತು. ನೂರಾರು ಕಳೇಬರಗಳಲ್ಲಿ ಒಂದು ವಿಷಪೂರಿತವಾಗಿದ್ದರೂ ಇಂಥ ಕುಸಿತಕ್ಕೆ ಸಾಕಾಗುತ್ತದೆ ಎಂದು 2004ರ ಗಣಿತೀಯ ಅಧ್ಯಯನವೊಂದು ತೋರಿಸಿತು.

ನಿಷೇಧಗಳ ಚರಿತ್ರೆ

2006ರಲ್ಲಿ ಭಾರತ ಸರ್ಕಾರವು ಪಶುಬಳಕೆಯ ಡೈಕ್ಲೊಫಿನಾಕ್ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. 2008ರಲ್ಲಿ ಅಧಿಸೂಚನೆಯ ಮೂಲಕ ನಿಷೇಧ ಬಿಗಿಯಾಯಿತು. ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಸಾಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. ಮೆಲಾಕ್ಸಿಕ್ಯಾಮ್ ನಿರಪಾಯಕಾರಿ ಎಂದು 2006ರಲ್ಲಿಯೇ ಸಿದ್ಧಪಟ್ಟಿತ್ತಾದರೂ ಇತರ ಔಷಧಗಳು ಮಾರುಕಟ್ಟೆಯಲ್ಲಿ ಮುಂದುವರಿದವು. ಕೀಟೊಪ್ರೊಫೆನ್ ವಿಷಕಾರಿ ಎಂಬುದು 2009ರಲ್ಲಿ ಪ್ರಕಟವಾದರೂ, ದೇಹದಲ್ಲಿ ಡೈಕ್ಲೊಫಿನಾಕ್ ಆಗಿ ಮಾರ್ಪಡುವ ಏಸಿಕ್ಲೊಫಿನಾಕ್‌ನೊಡನೆ ಅದಕ್ಕೆ ದೇಶವ್ಯಾಪಿ ನಿಷೇಧ ಬಂದದ್ದು 2023ರಲ್ಲಿ. ನಿಮೆಸುಲೈಡ್‌ನ ಪಶುಬಳಕೆಗೆ ನಿಷೇಧ ಬಂದದ್ದು 2024ರ ಕೊನೆಯಲ್ಲಿ. ಪ್ರತಿಯೊಂದು ಔಷಧದ ಅಪಾಯವೂ ಅದು ಬಳಕೆಗೆ ಬಂದ ಬಳಿಕವೇ ಪರೀಕ್ಷೆಗೊಳಗಾಯಿತು ಎಂಬುದು ಈ ಚರಿತ್ರೆಯ ಗಮನಾರ್ಹ ಅಂಶ.

ಅಭಯಧಾಮದ ಎಲ್ಲೆ

2012ರಲ್ಲಿ ಕರ್ನಾಟಕ ಸರ್ಕಾರವು ರಾಮದೇವರಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಿತು. ಕಲ್ಲುಗಣಿಗಾರಿಕೆ, ಬಂಡೆ ಹತ್ತುವವರ ಗದ್ದಲಗಳಿಂದ ಗೂಡುಗಳಿಗೆ ರಕ್ಷಣೆ ನೀಡುವಲ್ಲಿ ಈ ಕ್ರಮದ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ರಣಹದ್ದು ಆಹಾರಕ್ಕಾಗಿ ಹತ್ತಾರು ಕಿಲೋಮೀಟರು ದೂರ ಹಾರುವ ಹಕ್ಕಿ. ಗೂಡು ಅಭಯಧಾಮದೊಳಗಿದ್ದರೂ ಆಹಾರ ಅದರಾಚೆಗಿದೆ. ರಾಗಿ, ರೇಷ್ಮೆಗಳೊಡನೆ ಹೈನುಗಾರಿಕೆಯನ್ನೂ ನಂಬಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಹಸುವಿನ ಕಾಯಿಲೆ ಎಂದರೆ ಕುಟುಂಬದ ವರಮಾನದ ಪ್ರಶ್ನೆ. ಅಗ್ಗವೂ ಶೀಘ್ರ ಪರಿಣಾಮಕಾರಿಯೂ ಆದ ಔಷಧವನ್ನು ಆರಿಸಿದ ರೈತನನ್ನು ದೂಷಿಸುವುದು ನ್ಯಾಯವಲ್ಲ. ನಿರಪಾಯಕಾರಿ ಔಷಧವನ್ನು ಅದೇ ಬೆಲೆಗೆ, ಅದೇ ಅಂಗಡಿಯಲ್ಲಿ ದೊರಕಿಸುವುದು ವ್ಯವಸ್ಥೆಯ ಹೊಣೆ.

ಉಪಸಂಹಾರ

ಒಂದು ಕಾಲಕ್ಕೆ ಗುಂಪುಗುಂಪಾಗಿದ್ದ ಈ ಹಕ್ಕಿಗಳು ಇಂದು ಬೆಟ್ಟದಲ್ಲಿ ಬೆರಳೆಣಿಕೆಯಷ್ಟಿವೆ. ರಣಹದ್ದುಗಳ ಕುಸಿತದಿಂದ 2000ದಿಂದ 2005ರ ಅವಧಿಯಲ್ಲಿ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಮರಣಗಳು ಸಂಭವಿಸಿರಬಹುದೆಂದು 2024ರಲ್ಲಿ ಪ್ರಕಟವಾದ ಆರ್ಥಿಕ ಅಧ್ಯಯನವೊಂದು ಅಂದಾಜಿಸಿದೆ. ಕಳೇಬರಗಳು ಕೊಳೆತು ನೀರು ಕೆಡುವುದು, ಬೀದಿನಾಯಿ ಮತ್ತು ರೇಬಿಸ್ ಹೆಚ್ಚುವುದು ಇದಕ್ಕೆ ಹೇಳಲಾದ ಕಾರಣಗಳು. ಹೀಗೆ ಹಕ್ಕಿಯ ಮೂತ್ರಪಿಂಡಕ್ಕಾದ ಹಾನಿ ಊರಿನ ಆರೋಗ್ಯವನ್ನೂ ಬಾಧಿಸಿತು. ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿ ಇಷ್ಟು: ರಾಮದೇವರಬೆಟ್ಟದ ರಣಹದ್ದಿನ ರಕ್ಷಣೆಯ ನಿಜವಾದ ಗಡಿರೇಖೆ ಅರಣ್ಯ ಇಲಾಖೆಯ ಬೇಲಿಯಲ್ಲಿಲ್ಲ. ಅದು ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರಗಳ ದನದ ಕೊಟ್ಟಿಗೆಗಳಲ್ಲಿ ಮತ್ತು ಔಷಧದ ಅಂಗಡಿಗಳಲ್ಲಿದೆ. ಬೆಟ್ಟದ ಬಂಡೆಗಳ ಮೇಲೆ ಪ್ರತಿವರ್ಷ ಹೊಸದಾಗಿ ಮೂಡುವ ಬಿಳಿಯ ಪಟ್ಟೆಗಳನ್ನು ದಾಖಲಿಸುತ್ತ ಹೋಗುವುದು ಈ ಪ್ರದೇಶದ ಮುಂದಿನ ಸಂಶೋಧಕರು ಕೈಗೊಳ್ಳಬೇಕಾದ ಕೆಲಸಗಳಲ್ಲೊಂದು.