ಗುಟ್ಟು ಬಿಡದ ಲೈಬ್ರರಿ ಟಿಕೆಟ್ಟು

ಆರ್.ಟಿ. ನಗರದಲ್ಲಿ ನಾವೆಲ್ಲ ಅಪ್ಪನ ಲೈಬ್ರರಿ ಟಿಕೆಟ್ಟಿನಲ್ಲೇ ಪುಸ್ತಕ ತರುತ್ತಿದ್ದೆವು. ವಾಪಸು ಕೊಟ್ಟ ಮೇಲೆ ಯಾರು ಏನು ಓದಿದರೆಂಬ ಕುರುಹೇ ಉಳಿಯುತ್ತಿರಲಿಲ್ಲ. ಇದು ಅಮೆರಿಕದ ನೀನಾ ಬ್ರೌನ್ 1895ರಲ್ಲಿ ವಿವರಿಸಿದ ಪದ್ಧತಿ. ಭಾರತದಲ್ಲೂ ಬಹುಕಾಲ ನಡೆಯಿತು. ಪುಸ್ತಕದ ಚೀಟಿಯನ್ನು ನಮ್ಮ ಟಿಕೆಟ್ಟಿನ ಜೇಬಿಗೆ ಸಿಕ್ಕಿಸಿ ಟ್ರೇನಲ್ಲಿಡುತ್ತಾರೆ. ಪುಸ್ತಕ ಬಂದೊಡನೆ ಚೀಟಿ ಪುಸ್ತಕಕ್ಕೆ, ಟಿಕೆಟ್ಟು ನಮ್ಮ ಕೈಗೆ. ಅಷ್ಟೇ! (ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಲಾಗ್ ಇಲ್ಲ.) ಅದೇ ನ್ಯೂಅರ್ಕ್ ಪದ್ಧತಿಯಲ್ಲಾದರೆ ಚೀಟಿಯ ಮೇಲೆ ಓದುಗನ ನಂಬರು ಉಳಿದುಬಿಡುತ್ತಿತ್ತು.

2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಸಂತೋಷ. ಆದರೆ ಮನೆಗೆಲ್ಲ ಒಂದೇ ಲಾಗಿನ್ ಇದ್ದರೆ? ಸೊಸೆ ತಂದ ವಿಚ್ಛೇದನ ಕಾನೂನಿನ ಪುಸ್ತಕ ಮಾವನ ಕಣ್ಣಿಗೂ ಬೀಳುತ್ತದೆ. ಕೋಹಾ ಎಂಬ ಮುಕ್ತ ತಂತ್ರಾಂಶದಲ್ಲಿ, ಪುಸ್ತಕ ಮರಳಿದ ಕೂಡಲೇ ಓದುಗನ ಹೆಸರು ಅಳಿಸುವ ಸೌಲಭ್ಯವಿದೆ. ಲೈಬ್ರರಿಯವರು ಅದನ್ನು ಆನ್ ಮಾಡಿಡಬೇಕು, ಅಷ್ಟೇ.