ಬಾವಿಯ ಪಾಲು: ಕೊಯಮತ್ತೂರು ಸೀಮೆಯ ಹಳ್ಳಿಗಳಲ್ಲಿ ಬಾಳು ಮತ್ತು ಸೊತ್ತು

ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ತೇದಿಗಳೆಂಬ ಭಾವನೆ ನಮ್ಮ ಶಾಲೆಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಒಂದು ನಾಡಿನ ಜನರು ಏನನ್ನು ಬೆಳೆದರು, ಯಾವುದನ್ನು ತಮ್ಮದೆಂದು ಕರೆದರು, ತಂದೆಯ ತರುವಾಯ ಮಕ್ಕಳು ಏನನ್ನು ಹಂಚಿಕೊಂಡರು ಎಂಬುದೂ ಚರಿತ್ರೆಯೇ. ಇಂಥ ಚರಿತ್ರೆಗೆ ಶಾಸನಗಳ ಕಲ್ಲುಗಳಿಗಿಂತ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕ್ರಯಪತ್ರಗಳೇ ಹೆಚ್ಚಿನ ಆಧಾರ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಬೇಸಾಯದ ಹಳ್ಳಿಗಳಲ್ಲಿ ಸೊತ್ತೆಂಬುದು ಯಾವ ಬಗೆಯದಾಗಿತ್ತು, ಅದು ಹೇಗೆ ಮಾರ್ಪಟ್ಟಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ನಾವು ಹೇಳಬೇಕೆಂದಿರುವುದು ಇಷ್ಟೆ: ಈ ಸೀಮೆಯ ಒಕ್ಕಲಿಗೆ ನೆಲಕ್ಕಿಂತಲೂ ದೊಡ್ಡ ಸೊತ್ತು ನೀರು, ಅದರಲ್ಲಿಯೂ ನೆರೆಯವರೊಡನೆ ಕೂಡಿ ಅನುಭವಿಸುವ ನೀರಿನ ಪಾಲು.

ಸೀಮೆಯೂ ಜನರೂ

ಹಳೆಯ ಕೊಯಮತ್ತೂರು ಜಿಲ್ಲೆಯು ಈಗಿನದಕ್ಕಿಂತ ಬಹು ವಿಸ್ತಾರವಾಗಿತ್ತು. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರ ವರೆಗೆ ಇದಕ್ಕೇ ಸೇರಿದ್ದಿತು. 1979ರಲ್ಲಿ ಈರೋಡು, 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಗಳಾದುವು. ಘಟ್ಟದ ಮೇಲಿನ ಮೈಸೂರು ನಾಡಿಗೂ ಘಟ್ಟದ ಕೆಳಗಿನ ಈ ಕೊಂಗುನಾಡಿಗೂ ಹೊಯ್ಸಳರ ಕಾಲದಿಂದಲೂ ಸಂಬಂಧವುಂಟು. ಹೊಯ್ಸಳ ದಣ್ಣಾಯಕರ ಹೆಸರನ್ನು ಹೊತ್ತ ದಣ್ಣಾಯಕನಕೋಟೆಯು ಭವಾನಿಸಾಗರದ ಜಲಾಶಯದೊಳಗೆ ಮುಳುಗಿದೆ. 17ನೆಯ ಶತಮಾನದಿಂದ 1799ರ ವರೆಗೆ, ನಡುನಡುವೆ ಯುದ್ಧಗಳಲ್ಲಿ ಕೈಬದಲಾದರೂ, ಈ ಸೀಮೆ ಮೈಸೂರಿನ ಆಳಿಕೆಯಲ್ಲಿತ್ತು. ಬೇರೆ ಬೇರೆ ಕಾಲಗಳಲ್ಲಿ ಘಟ್ಟವಿಳಿದು ಬಂದ ಒಕ್ಕಲಿಗರು, ಅನುಪ್ಪರು, ದೇವಾಂಗರು, ಲಿಂಗಾಯತರು, ಕುರುಬರು ಇಲ್ಲಿ ನೆಲೆನಿಂತು, ಹೊರಗೆ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುತ್ತ ಬಂದಿದ್ದಾರೆ. ದೇವಾಂಗರು ಮಗ್ಗವನ್ನು ಹಿಡಿದರೆ, ಒಕ್ಕಲಿಗರೂ ಅನುಪ್ಪರೂ ನೇಗಿಲನ್ನು ಹಿಡಿದರು.

ಪಡುವಣ ಘಟ್ಟದ ಮರೆಯಲ್ಲಿರುವುದರಿಂದ ಈ ಸೀಮೆಗೆ ಮಳೆ ಕಡಮೆ. ಬಯಲಿನಲ್ಲಿ ವರ್ಷಕ್ಕೆ ಸುಮಾರು 600–700 ಮಿಲಿಮೀಟರಿನಷ್ಟು ಬಿದ್ದರೆ ಅದೇ ಹೆಚ್ಚು. ಆದುದರಿಂದ ಇಲ್ಲಿಯ ರೈತನು ನೆಲವನ್ನು ಮಣ್ಣಿನ ಬಣ್ಣದಿಂದ ಮಾತ್ರವಲ್ಲದೆ ನೀರಿನಿಂದಲೂ ವಿಂಗಡಿಸುತ್ತಾನೆ. ಮಳೆಯನ್ನೇ ನಂಬಿದ ಹೊಲವನ್ನು ತಮಿಳಿನಲ್ಲಿ ‘ಕಾಡು’ ಎನ್ನುತ್ತಾರೆ. ಅಲ್ಲಿ ಜೋಳ, ಸಜ್ಜೆ, ಹುರುಳಿ, ಹತ್ತಿ. ಬಾವಿಯ ನೀರು ಹಾಯುವುದು ‘ತೋಟ’. ಅಲ್ಲಿ ರಾಗಿ, ಹೊಗೆಸೊಪ್ಪು, ತರಕಾರಿ. ಹೊಳೆ ಕಾಲುವೆಗಳ ನೀರುಣ್ಣುವುದು ‘ವಯಲು’, ಅಂದರೆ ನಮ್ಮ ಗದ್ದೆ. ಕಾಂಗೇಯ, ಧಾರಾಪುರಗಳ ಕಡೆಯಲ್ಲಿ ಇನ್ನೊಂದು ಬಗೆಯುಂಟು: ಮುಳ್ಳುಗಿಡದ ಬೇಲಿ ಬೆಳೆಸಿ, ನಡುವೆ ಬಿಳಿಜಾಲಿಯ ಮರಗಳನ್ನು ಬಿಟ್ಟು, ಹುಲ್ಲನ್ನೇ ಬೆಳೆಯಾಗಿ ಕಾಯುವ ‘ಕೊರಂಗಾಡು’. ಹೆಸರಾಂತ ಕಾಂಗೇಯದ ಎತ್ತುಗಳು ಮೇದು ಬೆಳೆದುದು ಇಂಥ ಹುಲ್ಲುಗಾವಲುಗಳಲ್ಲಿಯೇ.

ಕಪಿಲೆಯ ಕಾಲ

ತೋಟದ ಜೀವಾಳ ಕಪಿಲೆ ಬಾವಿ. ಬಂಡೆಯನ್ನು ಕಡಿದು ತೋಡಿದ ಅಗಲವಾದ ಬಾವಿ. ಅದರ ದಡದಲ್ಲಿ ಇಳಿಜಾರಾದ ಹಾದಿ. ಎತ್ತಿನ ಜೋಡಿ ಆ ಹಾದಿಯಲ್ಲಿ ಇಳಿಯುವಾಗ ಹಗ್ಗ ಜಗ್ಗಿ ಚರ್ಮದ ಬಾಲವುಳ್ಳ ಬಾನಿ ಮೇಲೆ ಬರುತ್ತದೆ. ಹಿಂದಕ್ಕೆ ನಡೆಯುವಾಗ ಬಾನಿ ಮರಳಿ ಬಾವಿಗೆ ಇಳಿಯುತ್ತದೆ. ಒಬ್ಬನು ಎತ್ತು ಹೊಡೆದರೆ ಮತ್ತೊಬ್ಬರು, ಅನೇಕ ವೇಳೆ ಮನೆಯ ಹೆಂಗಸರು, ಮಡಿಯಿಂದ ಮಡಿಗೆ ನೀರು ಕಟ್ಟುತ್ತಿದ್ದರು. 1800ರಲ್ಲಿ ಕಂಪನಿಯ ಅಪ್ಪಣೆಯಂತೆ ಈ ನಾಡುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಕಾಂಗೇಯ, ಧಾರಾಪುರ, ಕೊಯಮತ್ತೂರುಗಳ ಮೂಲಕ ಹಾದುಹೋದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಯಂತ್ರಕ್ಕೆ ‘ಕಪಿಲೆ’ ಎಂಬ ನಮ್ಮ ಹೆಸರೇ ಬಳಕೆಯಾಗಿದೆ.

ಇಂಥ ಬಾವಿಯನ್ನು ತೋಡುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ತೋಡಿದ ಮೇಲೆ ಅದು ತಲೆಮಾರುಗಳ ಸೊತ್ತು. ತಂದೆಯ ಕಾಲಾನಂತರ ಮಕ್ಕಳು ಹೊಲಕ್ಕೆ ಬದು ಹಾಕಿ ಪಾಲು ಮಾಡಿಕೊಳ್ಳಬಹುದು. ಬಾವಿಗೆ ಬದು ಹಾಕಲಾಗದು. ಆದುದರಿಂದ ಅವರು ಬಾವಿಯನ್ನಲ್ಲ, ಕಾಲವನ್ನು ಹಂಚಿಕೊಂಡರು. ಅರ್ಧ ಪಾಲಿನವನಿಗೆ ಇಷ್ಟು ದಿನ, ಕಾಲು ಪಾಲಿನವನಿಗೆ ಇಷ್ಟು ದಿನ ಎಂದು ಸರದಿ ಏರ್ಪಟ್ಟಿತು. ಈ ಸೀಮೆಯ ಕ್ರಯಪತ್ರಗಳನ್ನು ಬಿಚ್ಚಿ ನೋಡಿದರೆ ಎಕರೆ ಸೆಂಟುಗಳ ತರುವಾಯ ಬಾವಿಯಲ್ಲಿ ಇಂತಿಷ್ಟು ಭಾಗ, ಕಾಲುವೆಯ ಹಕ್ಕು, ಎತ್ತು ಗಾಡಿ ಹೋಗುವ ಮಾಮೂಲು ದಾರಿ ಎಂದು ಬರೆದಿರುವುದು ಕಾಣುತ್ತದೆ. ನೆಲದ ಬೆಲೆಯು ಬಹುಮಟ್ಟಿಗೆ ಈ ಕೊನೆಯ ಸಾಲುಗಳಲ್ಲಿಯೇ ಅಡಗಿದೆಯೆಂಬುದು ಹಳ್ಳಿಯವರಿಗೆಲ್ಲ ತಿಳಿದ ಸಂಗತಿ. ಜಗಳವಾಡಿದ ಅಣ್ಣತಮ್ಮಂದಿರು ಮಾತು ಬಿಟ್ಟರೂ ಸರದಿ ಬಿಡುವಂತಿರಲಿಲ್ಲ; ಬಾವಿಯಲ್ಲಿ ಹೂಳು ತುಂಬಿದಾಗ ಎಲ್ಲರೂ ಕೂಡಿಯೇ ಎತ್ತಬೇಕಾಗಿತ್ತು.

ಸರ್ಕಾರದ ಪುಸ್ತಕ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಕಂಪನಿಯ ವಶವಾಯಿತು. ಬಾರಾಮಹಲಿನಲ್ಲಿ ರೀಡ್ ಮತ್ತು ಮನ್ರೋ ರೂಪಿಸಿದ್ದ ರೈತವಾರಿ ಪದ್ಧತಿ ಇಲ್ಲಿಗೂ ಬಂದಿತು. ನಡುವೆ ಕೆಲವು ವರ್ಷ ಹಳ್ಳಿಗಳನ್ನು ಗುತ್ತಿಗೆಗೆ ಕೊಡುವ ಪ್ರಯೋಗ ನಡೆಯಿತಾದರೂ, 1820ರಲ್ಲಿ ಮನ್ರೋ ಮದರಾಸಿನ ಗವರ್ನರನಾದ ತರುವಾಯ ರೈತವಾರಿಯೇ ಸ್ಥಿರವಾಯಿತು. ಈ ಪದ್ಧತಿಯಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ ಒಂದು ನಂಬರು, ಪ್ರತಿಯೊಂದು ನಂಬರಿಗೂ ಒಬ್ಬ ಪಟ್ಟಾದಾರ, ಅವನ ಹೆಸರಿಗೆ ಇಷ್ಟು ಕಂದಾಯ. ನಡುವೆ ಜಮೀನ್ದಾರನಿಲ್ಲದ ಈ ಏರ್ಪಾಟಿನಿಂದ ರೈತನಿಗೆ ಒಂದು ಬಗೆಯ ನೆಲೆ ಸಿಕ್ಕಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮೊದಲ ದಶಕಗಳಲ್ಲಿ ಬಾವಿಯಿರುವ ತೋಟಕ್ಕೆ ಹೆಚ್ಚಿನ ಕಂದಾಯವನ್ನು ಹೇರುತ್ತಿದ್ದುದರಿಂದ, ತನ್ನ ಹಣ ಹಾಕಿ ಬಾವಿ ತೋಡಿದವನೇ ದಂಡ ತೆತ್ತಂತಾಗುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ತಪ್ಪನ್ನು ತಿದ್ದಿ, ಸ್ವಂತ ಬಾವಿಯಿಂದ ಬೆಳೆದ ಭೂಮಿಗೂ ಪುಂಜೈ ದರವನ್ನೇ ಕಟ್ಟಿದರು. ಇದರಿಂದ ಬಾವಿ ತೋಡಲು ಧೈರ್ಯ ಬಂದಿತು.

ಆದರೂ ಒಂದು ಕೊರತೆ ಉಳಿಯಿತು. ಸರ್ಕಾರದ ಪುಸ್ತಕ ನೆಲವನ್ನು ಬರೆಯಿತು, ಸರದಿಯನ್ನು ಬರೆಯಲಿಲ್ಲ. ನೀರಿನ ಪಾಲು ಕ್ರಯಪತ್ರದಲ್ಲಿಯೂ ಹಿರಿಯರ ನೆನಪಿನಲ್ಲಿಯೂ ಉಳಿದುಕೊಂಡಿತು.

ಜಾವಾ ದ್ವೀಪದ ಸಾದೃಶ್ಯ

ಇದೇ ಕಾಲದಲ್ಲಿ ಇದೇ ಪ್ರಶ್ನೆ ಸಮುದ್ರದಾಚೆಯ ಜಾವಾ ದ್ವೀಪದಲ್ಲಿಯೂ ಎದ್ದಿತೆಂಬುದು ಕುತೂಹಲಕರವಾದ ಸಂಗತಿ. 1799ರ ತರುವಾಯ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಹೆಸರು ನಮಗೆ ಅಪರಿಚಿತವಲ್ಲ. ಚಾಮರಾಜನಗರದ ಕಡೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನು ಅವನ ಸಂಗ್ರಹ ಕಾರ್ಯಕ್ಕೆ ನೆರವಾಗಿದ್ದನು. 1811ರಲ್ಲಿ ಇಂಗ್ಲಿಷರು ಡಚ್ಚರಿಂದ ಜಾವಾವನ್ನು ಗೆದ್ದುಕೊಂಡಾಗ ಇದೇ ಮೆಕೆಂಜಿ ಅಲ್ಲಿಗೆ ಹೋಗಿ, ಆ ದ್ವೀಪದ ಭೂಮಿಯ ಒಡೆತನವನ್ನು ವಿಚಾರಿಸುವ ಮಂಡಲಿಯ ಮುಖ್ಯಸ್ಥನಾದನು. ಅಲ್ಲಿಯ ಲೆಫ್ಟಿನೆಂಟ್ ಗವರ್ನರ್ ರಾಫಲ್ಸನು ಭೂಮಿಯೆಲ್ಲವೂ ಸರ್ಕಾರದ್ದೆಂದು ಭಾವಿಸಿ, ಮೊದಲು ಹಳ್ಳಿಯ ಮುಖಂಡರ ಮೂಲಕವೂ, 1814ರಿಂದ ಬೇಸಾಯಗಾರರೊಡನೆ ನೇರವಾಗಿಯೂ ಕಂದಾಯವನ್ನು ಗೊತ್ತುಪಡಿಸಲು ಯತ್ನಿಸಿದನು.

ಆದರೆ ಜಾವಾದ ಹಳ್ಳಿ, ಅವರ ಮಾತಿನಲ್ಲಿ ‘ದೇಸ’, ಇದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಅಲ್ಲಿ ಅನೇಕ ಹಳ್ಳಿಗಳಲ್ಲಿ ‘ಸಾವಾ’ ಎಂಬ ಭತ್ತದ ಗದ್ದೆಗಳು ಊರೊಟ್ಟಿನ ಸೊತ್ತಾಗಿದ್ದು, ಕಾಲಕಾಲಕ್ಕೆ ಮನೆಗಳಿಗೆ ಮರುಹಂಚಿಕೆಯಾಗುತ್ತಿದ್ದುವು. ಪಾಲು ಪಡೆದವನು ಊರಿನ ಬಿಟ್ಟಿ ಕೆಲಸಕ್ಕೂ ಹೆಗಲು ಕೊಡಬೇಕು. ಮುಖಂಡನಿಗೆ ಸಂಬಳಕ್ಕೆ ಬದಲಾಗಿ ‘ಬೆಂಗ್ಕೋಕ್’ ಎಂಬ ಭೂಮಿಯುಂಟು. ಇದು ನಮ್ಮ ಹಳ್ಳಿಯ ಅಧಿಕಾರಿಗಳಿಗಿದ್ದ ಮಾನ್ಯದ ಭೂಮಿಯಂತೆಯೇ. ಕಾಲುವೆಯ ನೀರನ್ನು ಸರದಿಯಂತೆ ಬಿಡಲು ‘ಉಲು-ಉಲು’ ಎಂಬವನಿರುತ್ತಾನೆ. ನಮ್ಮ ಕೆರೆಯೂರುಗಳ ನೀರುಗಂಟಿ ಇವನ ಅಣ್ಣನೇ ಸರಿ. 1830ರಲ್ಲಿ ಡಚ್ ಸರ್ಕಾರವು ಊರಿನ ನೆಲದ ಐದನೆಯ ಒಂದು ಪಾಲಿನಲ್ಲಿ ಕಬ್ಬು, ನೀಲಿ ಮೊದಲಾದ ರಫ್ತಿನ ಬೆಳೆಗಳನ್ನು ಬೆಳೆಯಬೇಕೆಂದು ವಿಧಿಸಿದಾಗ, ಈ ಊರೊಟ್ಟಿನ ಏರ್ಪಾಟೇ ಹಳ್ಳಿಗರ ಹೊರೆಯನ್ನು ಹಂಚಿಕೊಳ್ಳುವ ಸಾಧನವಾಯಿತು. ಅದನ್ನೇ ಹಿಡಿದು ಸರ್ಕಾರವು ಅವರಿಂದ ದುಡಿಸಿಕೊಂಡದ್ದೂ ನಿಜ. ಒಟ್ಟಿನಲ್ಲಿ ಜಾವಾದಲ್ಲಿ ನೆಲವನ್ನೂ ನೀರನ್ನೂ ಕೂಡಿ ಅನುಭವಿಸಿದರು. ನಮ್ಮಲ್ಲಿ ನೆಲವನ್ನು ಬೇರೆ ಬೇರೆಯಾಗಿ ಹಿಡಿದು ನೀರನ್ನು ಮಾತ್ರ ಕೂಡಿ ಅನುಭವಿಸಿದರು. ನಮ್ಮ ಹಳ್ಳಿಯ ಒಗ್ಗಟ್ಟೆಲ್ಲವೂ ಆ ಬಾವಿಯೊಂದನ್ನೇ ಆಧರಿಸಿತ್ತೆಂದರೆ ಅತಿಶಯವಲ್ಲ.

ಪಾಲಿಲ್ಲದವರು

ಹೀಗೆಂದು ಹಳೆಯ ಕಾಲವನ್ನು ಹೊಗಳಿ ನಿಲ್ಲಿಸಿದರೆ ಚರಿತ್ರೆಗೆ ಅನ್ಯಾಯ ಮಾಡಿದಂತಾಗುವುದು. ಕಪಿಲೆಯ ಬಾನಿಯ ಬಾಲವನ್ನೂ ಹಗ್ಗದ ಚರ್ಮವನ್ನೂ ಹೊಲಿದು ಕೊಡುತ್ತಿದ್ದವರು ಇಂದು ಅರುಂಧತಿಯರೆಂದು ಕರೆಯಲ್ಪಡುವ ಜನರು. ಅವರಲ್ಲಿ ಹಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ಅವರ ಕೈಕೆಲಸವಿಲ್ಲದೆ ಒಂದು ಬಾನಿ ನೀರೂ ಮೇಲೆ ಬರುವಂತಿರಲಿಲ್ಲ. ಆದರೂ ಸುಗ್ಗಿಯ ಕಣದಲ್ಲಿ ಕೊಡುವ ಕಾಳಿನ ಹೊರತು ಅವರಿಗೆ ಬಾವಿಯಲ್ಲಿ ಪಾಲಿರಲಿಲ್ಲ. ಕುಡಿಯುವ ನೀರನ್ನು ತಾವೇ ಸೇದಿಕೊಳ್ಳುವ ಹಕ್ಕೂ ಇರಲಿಲ್ಲ. ತಾನು ಹೊಲಿದ ಚರ್ಮ ಮುಟ್ಟಿದ ನೀರನ್ನು ತಾನು ಮುಟ್ಟಬಾರದೆಂಬ ಈ ಕಟ್ಟಳೆಗಿಂತ ವಿಚಿತ್ರವಾದುದು ಯಾವುದಿದೆ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಸಾರ್ವಜನಿಕ ಬಾವಿಗಳನ್ನು ಎಲ್ಲರಿಗೂ ತೆರೆದಿಟ್ಟಿತು. ತೋಟದ ಬಾವಿಯ ಪಾಲು ಮಾತ್ರ ನೆಲವಿದ್ದವರಲ್ಲಿಯೇ ಉಳಿಯಿತು.

ಹೆಣ್ಣುಮಕ್ಕಳ ಸ್ಥಿತಿಯೂ ವಿಚಾರಾರ್ಹವೇ. ಮಡಿಗೆ ನೀರು ಕಟ್ಟಿದ ಕೈ ಅವರದು. ಪಾಲಿನ ವೇಳೆಯಲ್ಲಿ ಅವರಿಗೆ ದೊರೆಯುತ್ತಿದ್ದುದು ಒಡವೆ, ಸೀರೆ, ಅನುಕೂಲವಿದ್ದರೆ ಒಂದು ಹಸು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳಿಗೂ ಉತ್ತರಾಧಿಕಾರವನ್ನು ಕೊಟ್ಟಿತು. ಕೂಡುಕುಟುಂಬದ ಸೊತ್ತಿನಲ್ಲಿ ಹುಟ್ಟಿನಿಂದಲೇ ಸಮಪಾಲು ತಮಿಳುನಾಡಿನಲ್ಲಿ 1989ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ ದೊರೆಯಿತು.

ಎತ್ತಿನಿಂದ ವಿದ್ಯುತ್ತಿಗೆ

1932ರಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಕೊಯಮತ್ತೂರಿನ ಗಿರಣಿಗಳು ಹೆಚ್ಚಿದುವು. ತೋಟಗಳಿಗೂ ತಂತಿ ಬಂದಿತು. ಕ್ರಮೇಣ ಎತ್ತಿನ ಹಾದಿಗಳು ಹುಲ್ಲು ಬೆಳೆದು ಮುಚ್ಚಿಹೋದುವು. ನೀರನ್ನೆತ್ತುವ ಶಕ್ತಿ ಕೊಟ್ಟಿಗೆಯಿಂದ ವಿದ್ಯುತ್ ಮಂಡಲಿಯ ಕೈಗೆ ಹೋದುದರಿಂದ, ರೈತನ ಚಿಂತೆ ಕಂದಾಯದಿಂದ ವಿದ್ಯುತ್ ದರಕ್ಕೆ ತಿರುಗಿತು. 1970ರಲ್ಲಿ ದರದ ಏರಿಕೆಯನ್ನು ವಿರೋಧಿಸಿದ ಚಳವಳಿಯಲ್ಲಿ ತಿರುಪ್ಪೂರಿನ ಹತ್ತಿರದ ಪೆರುಮಾನಲ್ಲೂರಿನಲ್ಲಿ ಪೊಲೀಸರ ಗುಂಡಿಗೆ ಮೂವರು ರೈತರು ಬಲಿಯಾದರು. 1972ರಲ್ಲಿ ನಾರಾಯಣಸ್ವಾಮಿ ನಾಯುಡು ಅವರ ಮುಂದಾಳ್ತನದಲ್ಲಿ ರೈತರು ಎತ್ತಿನ ಗಾಡಿಗಳನ್ನು ತಂದು ಕೊಯಮತ್ತೂರು ನಗರದ ಬೀದಿಗಳನ್ನು ತುಂಬಿದರು. ಕಪಿಲೆಯಿಂದ ಬಿಡುಗಡೆ ಹೊಂದಿದ ಎತ್ತುಗಳು ಪಂಪಿನ ಪರವಾಗಿ ವಾದಿಸಲು ಪೇಟೆಗೆ ಬಂದಂತಾಯಿತು. ಮುಂದೆ 1984ರಲ್ಲಿ ಸಣ್ಣ ರೈತರಿಗೂ, ಆಮೇಲೆ ಎಲ್ಲ ರೈತರಿಗೂ ವಿದ್ಯುತ್ತು ಉಚಿತವಾಯಿತು.

ಆದರೆ ಪಂಪಿಗಿಂತ ದೊಡ್ಡ ಬದಲಾವಣೆಯನ್ನು ತಂದುದು ಕೊಳವೆ ಬಾವಿ. ತೆರೆದ ಬಾವಿಯಲ್ಲಿ ನೀರು ಎಷ್ಟಿದೆಯೆಂಬುದು ಪಾಲುಗಾರರೆಲ್ಲರ ಕಣ್ಣಿಗೂ ಕಾಣುತ್ತಿತ್ತು. ಬೇಸಗೆಯಲ್ಲಿ ಎಲ್ಲರೂ ಕೈ ಬಿಗಿಹಿಡಿಯುತ್ತಿದ್ದರು. ಕೊಳವೆ ಬಾವಿಗೆ ಸರದಿಯೂ ಇಲ್ಲ, ಸಾಕ್ಷಿಯೂ ಇಲ್ಲ. ತನ್ನ ನೆಲದ ಅಡಿಯ ನೀರನ್ನು ಸಂಗ್ರಹಿಸಿಕೊಳ್ಳುವ ಹಕ್ಕು ನೆಲದೊಡೆಯನಿಗೆ ಉಂಟೆಂದು 1882ರ ಈಸ್‌ಮೆಂಟ್ ಕಾಯಿದೆ ಹೇಳುತ್ತದೆ. ಹೀಗಿರಲು ಸಾವಿರ ಅಡಿ ಕೊರೆಸಬಲ್ಲವನಿಗೆ ನೀರು ಸಿಕ್ಕಿತು. ಅವನ ನೆರೆಯ ನಾಲ್ಕು ಪಾಲಿನ ಹಳೆಯ ಬಾವಿ ಬತ್ತಿತು. ಕಾಗದದಲ್ಲಿ ಪ್ರತಿಯೊಬ್ಬನ ಕಾಲು ಪಾಲು ಹಾಗೆಯೇ ಇದೆ. ಬಾವಿಯಲ್ಲಿ ಹಂಚಿಕೊಳ್ಳಲು ಏನೂ ಇಲ್ಲ.

ನೊಯ್ಯಲ್ ಹೊಳೆಯ ದಡದಲ್ಲಿ ಇದಕ್ಕಿಂತಲೂ ದುಃಖಕರವಾದ ಸ್ಥಿತಿ ಒದಗಿತು. ಬನಿಯನ್ ಕೈಗಾರಿಕೆಯಿಂದ ತಿರುಪ್ಪೂರು ಲೋಕಪ್ರಸಿದ್ಧವಾಯಿತು. ಸಾವಿರಾರು ಮನೆಗಳಿಗೆ ಅನ್ನ ದೊರೆಯಿತು. ಆದರೆ ಬಣ್ಣ ಹಾಕುವ ಕಾರ್ಖಾನೆಗಳ ಕೊಳಚೆ ಹೊಳೆಗೆ ಹರಿಯಿತು. ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪ್ಪಾಳೆಯಂ ಅಣೆಕಟ್ಟೆಯು ಆ ಕೊಳಚೆಯ ತೊಟ್ಟಿಯಾಯಿತು. ಸುತ್ತಲ ಬಾವಿಗಳ ನೀರು ಉಪ್ಪಾಯಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚಿಸುವಂತೆ ಆಜ್ಞೆ ಮಾಡಬೇಕಾಯಿತು. ಈ ಹಳ್ಳಿಗಳಲ್ಲಿ ಯಾರ ಪಟ್ಟೆಯನ್ನೂ ಯಾರೂ ಕಸಿದುಕೊಳ್ಳಲಿಲ್ಲ. ಆದರೂ ಅವರ ಸೊತ್ತು ಹೋಯಿತು. ನೆಲವೇ ಸೊತ್ತೆಂದು ತಿಳಿದವರಿಗೆ ಈ ನಷ್ಟ ಅರ್ಥವಾಗುವುದಿಲ್ಲ. ನೀರಿನ ಪಾಲೇ ಸೊತ್ತೆಂದು ಬಲ್ಲವರಿಗೆ ಮಾತ್ರ ಅರ್ಥವಾದೀತು.

2024ರ ಆಗಸ್ಟ್ 17ರಂದು ಅತ್ತಿಕ್ಕಡವು–ಅವಿನಾಶಿ ಯೋಜನೆ ಆರಂಭವಾಗಿ, ಭವಾನಿ ಹೊಳೆಯ ಹೆಚ್ಚುವರಿ ನೀರನ್ನು 1,045 ಕೆರೆಕುಂಟೆಗಳಿಗೆ ತುಂಬಿಸುವ ಏರ್ಪಾಟಾಗಿದೆ. ಕೆರೆ ತುಂಬಿದರೆ ಬಾವಿಗಳಿಗೂ ಜೀವ ಬಂದೀತು. ಆದರೆ ನೀರು ಬಂದ ಮೇಲೆ ಅದನ್ನು ಹಂಚಿಕೊಳ್ಳುವ ಬಗೆ ಯಾವುದೆಂಬುದು ಯೋಜನೆಯಿಂದ ತಿಳಿಯುವ ಮಾತಲ್ಲ; ಅದನ್ನು ಊರವರೇ ನೆನಪಿನಿಂದ ತೆಗೆಯಬೇಕು.

ಆದುದರಿಂದ ಉಪಾಧ್ಯಾಯರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ನಿಮ್ಮ ನಿಮ್ಮ ಊರಿನ ಹಳೆಯ ಬಾವಿಗಳ ಪಟ್ಟಿಯನ್ನು ಮಾಡಿರಿ. ಬಾವಿಯ ಹೆಸರೇನು, ಎಷ್ಟು ಪಾಲು, ಯಾರಿಗೆ ಯಾವ ಸರದಿ, ಬಾನಿಯನ್ನು ಹೊಲಿಯುತ್ತಿದ್ದವರು ಯಾರು, ಅವರಿಗೆ ಏನು ಕೊಡುತ್ತಿದ್ದರು ಎಂಬುದನ್ನು ಅಜ್ಜ ಅಜ್ಜಿಯರಿಂದ ಕೇಳಿ, ಅವರು ಆಡಿದ ಮಾತಿನಲ್ಲಿಯೇ ಬರೆದಿಡಿರಿ. ಕನ್ನಡವೋ ತಮಿಳೋ ತೆಲುಗೋ, ಯಾವ ಮಾತಾದರೂ ಸರಿಯೇ. ಸರ್ಕಾರದ ಪುಸ್ತಕದಲ್ಲಿ ಬರೆಯದೆ ಬಿಟ್ಟುದನ್ನು ಶಾಲೆಯ ಪುಸ್ತಕದಲ್ಲಾದರೂ ಬರೆಯಲು ಇನ್ನೂ ಕಾಲವಿದೆ. ಕಪಿಲೆ ಹೊಡೆದ ಕೈಗಳು ಕೆಲವಾದರೂ ನಮ್ಮ ನಡುವೆ ಇನ್ನೂ ಇವೆ.