ಸಂಶೋಧನಾ ವಿಷಯದ ಆಯ್ಕೆ (ಬೀದರ್ ಸೀಮೆ)

ಪಿಎಚ್.ಡಿ.ಗೆ ಹೆಸರು ನೋಂದಾಯಿಸುವ ವಿದ್ಯಾರ್ಥಿ ಸಿನಾಪ್ಸಿಸ್ ಬರೆಯುವ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿ. ಈ ಸೀಮೆಯವರು ಬಹುಕಾಲ ಕಲಬುರಗಿಯ ವಿಶ್ವವಿದ್ಯಾಲಯವನ್ನೇ ನೆಚ್ಚಿಕೊಂಡಿದ್ದರು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ. 2023ರಲ್ಲಿ ಬೀದರ್ ವಿಶ್ವವಿದ್ಯಾಲಯವೂ ಆರಂಭವಾಯಿತು.

ಇಲ್ಲಿನ ಇತಿಹಾಸ ಕುರಿತ ವಿಷಯವನ್ನು ನಿರ್ಧರಿಸುವುದು ಆಸಕ್ತಿಗಿಂತ ಹೆಚ್ಚಾಗಿ ಲಿಪಿ. ಬಹಮನಿ ಕಾಲದ ಶಾಸನಗಳು ಪರ್ಷಿಯನ್, ಅರಬ್ಬಿಯಲ್ಲಿವೆ. ನಿಜಾಮ ಆಡಳಿತದ ಕೊನೆಯ ದಶಕಗಳ ಕಡತಗಳು ಉರ್ದುವಿನಲ್ಲಿವೆ. ಹಳೆಯ ಮರಾಠಿ ಕಾಗದಪತ್ರಗಳಿಗೆ ಮೋಡಿ ಲಿಪಿ ಬರಬೇಕು. ಇವುಗಳಲ್ಲಿ ಒಂದನ್ನಾದರೂ ಓದಲು ಕಲಿಯದೆ ಬೀದರ್ ಕೋಟೆಯನ್ನೋ 1472ರ ಮಹಮೂದ್ ಗವಾನ್ ಮದರಸಾವನ್ನೋ ಎತ್ತಿಕೊಂಡವರು ಅನ್ಯರ ಅನುವಾದಕ್ಕೆ ಕಟ್ಟುಬೀಳುತ್ತಾರೆ. ಗುಲಾಂ ಯಜ್ದಾನಿ ಅವರು 1947ರಲ್ಲೇ ಈ ಸ್ಮಾರಕಗಳನ್ನು ಒಂದೊಂದಾಗಿ ವರ್ಣಿಸಿ ದೊಡ್ಡ ಗ್ರಂಥ ಪ್ರಕಟಿಸಿದ್ದಾರೆ. ಅದನ್ನು ಓದಿ, ಅಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಹುಡುಕಬೇಕು. ನೌಬಾದ್ ಬಳಿಯ ಸುರಂಗ ಬಾವಿಯ ನೀರು ಈಗ ಯಾರ ಹೊಲ, ಯಾರ ಮನೆಯ ಕೆಳಗೆ ಹರಿಯುತ್ತದೆ ಎಂಬುದು ಅಂಥದೊಂದು ಪ್ರಶ್ನೆ.

ಬಿದರಿ ಕಲೆ ಎಂಬುದು ಶೀರ್ಷಿಕೆಯಾದೀತು, ವಿಷಯವಾಗದು. ಸತುವಿನ ಮಿಶ್ರಲೋಹವನ್ನು ಕೋಟೆಯ ಮಣ್ಣು ಕಪ್ಪಾಗಿಸುವ ಬಗೆ ರಸಾಯನಶಾಸ್ತ್ರಕ್ಕೆ ಸೇರಿದ್ದು; ಭೌಗೋಳಿಕ ಸೂಚಿಕೆಯಿಂದ ಕುಶಲಕರ್ಮಿಯ ಕೂಲಿ ಹೆಚ್ಚಿತೇ ಎಂಬುದು ಅರ್ಥಶಾಸ್ತ್ರಕ್ಕೆ ಸೇರಿದ್ದು.

ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಧಿ. ಔರಾದ್ ಕಡೆಯ ದೇವಣಿ ದನಗಳ ಹಾಲಿನ ಇಳುವರಿ ಅಳೆಯಹೊರಟವರು ಒಂದು ಪೂರ್ತಿ ಸೂಲನ್ನಾದರೂ ಕಾಯಬೇಕು. ಬಾಲಂಕ್ಯಾ, ವನ್ನೇರಾ, ಶೇವೇರಾ ಎಂಬ ಮೂರು ಬಗೆಗಳನ್ನೂ ಹೋಲಿಸುವ ಆಸೆಯಿದ್ದರೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಗೈಡ್ ಸಿಗುವುದೂ ಸುಲಭವಲ್ಲ: ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಯನ್ನಷ್ಟೇ ತೆಗೆದುಕೊಳ್ಳಬಹುದು.

ಮುಂದೂಡಬಾರದ ವಿಷಯವೊಂದು ಭಾಲ್ಕಿಯಲ್ಲಿದೆ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಊರೂರಿಗೂ ಗೊತ್ತು. ಆ ದಿನಗಳಲ್ಲಿ ಮಕ್ಕಳು ಏನು ಓದಿದರು, ಮನೆಯಲ್ಲಿ ಯಾವ ಮಾತಾಡಿದರು, ಯಾವ ಓಣಿಗಳಿಂದ ಬಂದರು ಎಂಬುದನ್ನು ಬಾಯಿಮಾತಿನಿಂದಲೇ ಸಂಗ್ರಹಿಸಬೇಕು. ನಿಜಾಮ ಆಡಳಿತ ಕೊನೆಗೊಂಡ 1948ರ ಸೆಪ್ಟೆಂಬರಿಗೆ ಮುಂಚಿನ ಶಾಲೆಯನ್ನು ಬಲ್ಲವರು ಈಗ ಎಂಬತ್ತು ದಾಟಿದವರು. ಈ ವಿಷಯ ಹಿಡಿದವರು ಕೋರ್ಸ್‌ವರ್ಕ್ ಮುಗಿಯುವವರೆಗೆ ಕಾಯದೆ ಸಂದರ್ಶನ ಶುರುಮಾಡಬೇಕು.